ಅಂಬಿಗರ ಹುಸೇನಪ್ಪ ತೋರಿಸಿದ ಪರ್ಮಿಟ್ಟು

ಬಹಳ ಬಹಳ ಹಿಂದೆ, ಹೊಳೆಗೆ ಸೇತುವೆ ಕಟ್ಟಬಹುದು ಅನ್ನುವ ಯೋಚನೆಯೇ ಯಾರ ತಲೆಗೂ ಬಂದಿರದ ಕಾಲದಲ್ಲಿ, ಕೃಷ್ಣೆಯ ದಂಡೆಗೆ ಕಡವಿನಹಾಳ ಅಂತ ಒಂದು ಊರು. ಆ ಊರಿನಲ್ಲಿ ಅಂಬಿಗರ ಹುಸೇನಪ್ಪ ಅಂತ ಒಬ್ಬ. ಕೇಳ್ತಾ ಇದ್ದೀರಲ್ಲ? ನಡುನಡುವೆ ಹೂಂಗುಟ್ಟಬೇಕು, ಇಲ್ಲದಿದ್ದರೆ ಅವನು ನಡುಹೊಳೆಯಲ್ಲೇ ನಿಂತುಬಿಡುತ್ತಾನೆ.

ಹುಸೇನಪ್ಪ ಹುಟ್ಟು ಹಾಕಿದರೆ ಸುಳಿಗಳು ತಾವಾಗಿ ದಾರಿ ಬಿಡುತ್ತಿದ್ದವಂತೆ. ಒಮ್ಮೆ ಒಂದು ಮದುವೆ ದಿಬ್ಬಣದವರು ಅವನ ಹರಿಗೋಲಿನಲ್ಲೇ ಎಲೆ ಹಾಕಿಕೊಂಡು ಉಂಡರಂತೆ, ಒಬ್ಬರ ಸಾರೂ ತುಳುಕಲಿಲ್ಲವಂತೆ. ಅಷ್ಟನ್ನೂ ನಂಬಲೇಬೇಕು ಅಂತೇನಿಲ್ಲ. ಆದರೆ ನೀರನ್ನು ಅಷ್ಟು ಬಲ್ಲ ಮನುಷ್ಯ ಒಂದು ಮಾತಿನ ಮುಂದೆ ಹೇಗೆ ಕಂಗಾಲಾದ ಅನ್ನುವುದನ್ನು ಮಾತ್ರ ಎಲ್ಲರೂ ಒಂದೇ ಥರ ಹೇಳುತ್ತಾರೆ.

ಒಂದು ಮಳೆಗಾಲ ಆಚೆ ದಂಡೆ ಬೇರೆಯವರ ಸೀಮೆ ಆಯಿತಂತೆ. ಯಾರು ಮಾಡಿದರೋ, ಯಾಕೆ ಮಾಡಿದರೋ! ಟೊಪ್ಪಿಗೆ ಹಾಕಿದ ಸಾಹೇಬನೊಬ್ಬ ಬಂದು, ಇನ್ನು ಪರ್ಮಿಟ್ಟು ಇಲ್ಲದೆ ಒಂದು ನರಪಿಳ್ಳೆಯನ್ನೂ ದಾಟಿಸಕೂಡದು, ದಾಟಿಸಿದರೆ ಹರಿಗೋಲಿನ ಚರ್ಮ ಸೀಳಿಸುತ್ತೇನೆ ಅಂದನಂತೆ. ಆಚೆ ದಂಡೆಯಲ್ಲಿ ಒಬ್ಬ ಜವಾನನನ್ನು ಕಾವಲಿಗೆ ನಿಲ್ಲಿಸಿ, ಕುದುರೆ ಹತ್ತಿ ಹೊರಟೇಹೋದನಂತೆ. ಪರ್ಮಿಟ್ಟು ಅಂದರೆ ಏನು ಅಂತ ಮಾತ್ರ ಹೇಳಲಿಲ್ಲ.

ಊರಿಗೆ ಊರೇ ತಲೆ ಕೆಡಿಸಿಕೊಂಡಿತು. ಅದು ಹಣೆಗೆ ಹಚ್ಚುವ ನಾಮ ಅಂದರು ಕೆಲವರು. ಅಲ್ಲ, ಕಾಲಿಗೆ ಹಾಕುವ ಜೋಡು ಅಂದರು ಕೆಲವರು. ಒಬ್ಬ ಮುದುಕಿ ಅದು ಒಂದು ಜಾತಿಯ ಹಿಟ್ಟು, ರೊಟ್ಟಿ ಬಡಿದುಕೊಟ್ಟರೆ ಮುಗಿಯಿತು ಅಂದಳಂತೆ. ಕೊನೆಗೆ ಪೇಟೆ ಕಂಡು ಬಂದಿದ್ದ ಊರಗೌಡರು ನಕ್ಕು, "ಪರ್ಮಿಟ್ಟು ಅಂದ್ರ ಅಪ್ಪಣಿ ಅಲ್ಲೇನಪಾ" ಅಂದರಂತೆ.

ಹುಸೇನಪ್ಪನಿಗೆ ಹೋದ ಜೀವ ಬಂದಂತಾಯಿತು. ಅಪ್ಪಣೆ ಅಂದರೆ ಗೊತ್ತಿಲ್ಲವೇ? ಅಪ್ಪಣೆ ಕೊಡುವುದು ದೇವರು. ಕಲ್ಲಿಗೆ ಹೂವು ಹಚ್ಚಿ ಕೈಮುಗಿದು ಕೂತರೆ, ಹೂವು ಬಲಕ್ಕೆ ಬಿದ್ದರೆ ಅಪ್ಪಣೆ ಆಯಿತು ಅಂತ ಅರ್ಥ. ಅವನು ದಂಡೆಯ ಗಂಗಮ್ಮನ ಕಲ್ಲಿಗೆ ಕಣಗಲ ಹೂವು ಹಚ್ಚಿ ಕೂತ. ಮಳೆಗಾಲ ನೋಡಿ, ಹೂವು ಒದ್ದೆ ಕಲ್ಲಿಗೆ ಅಂಟಿಕೊಂಡೇ ಇತ್ತು. ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ. ಮರುದಿನವೂ ಅದೇ ಕಥೆ. ಹೊಲ ಆಚೆ, ಎತ್ತು ಈಚೆ. ಹೆಂಡತಿ ಆಚೆ, ಗಂಡ ಈಚೆ. ಜನ ಬೈದರು. ಹುಸೇನಪ್ಪ ಹೂವು ನೋಡುತ್ತಾ ಕೂತೇ ಇದ್ದ.

ಹಾಗಿರುವಾಗ ಅವನ ಮಗಳು ಸಂಕಮ್ಮನಿಗೆ ನೋವು ಶುರುವಾಯಿತು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು ಪಾಪ. ಕೂಸು ಅಡ್ಡ ತಿರುಗಿತ್ತು. ಅಡ್ಡ ಕೂಸನ್ನು ತಿರುಗಿಸಿ ತಾಯಿಯನ್ನು ಉಳಿಸಬಲ್ಲ ಸೂಲಗಿತ್ತಿ ಇದ್ದದ್ದು ಆಚೆ ದಂಡೆಯಲ್ಲಿ. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಹೋಗಿ ಕರೆದುಕೊಂಡು ಬರುವಷ್ಟು ಹೊತ್ತಿಲ್ಲ, ಮಗಳನ್ನೇ ಒಯ್ಯಬೇಕು.

ಹುಸೇನಪ್ಪ ಕಲ್ಲಿನ ಮುಂದೆ ಬಿದ್ದುಕೊಂಡ. ಹೂವು ಬೀಳಲಿಲ್ಲ. ಗಂಗಮ್ಮ ಬೇಡ ಅನ್ನುತ್ತಿದ್ದಾಳೋ? ಹೋದರೆ ಮಗಳನ್ನು ಮುಳುಗಿಸುತ್ತಾಳೋ? ಹೋಗದಿದ್ದರೆ ಮಗಳು ಇಲ್ಲೇ ಸಾಯುವುದಿಲ್ಲವೋ? ಅವನಿಗೆ ಏನೂ ತಿಳಿಯಲಿಲ್ಲ. ಅಷ್ಟು ದೊಡ್ಡ ಗಂಡಸು ಗೊಳೋ ಅಂತ ಅತ್ತನಂತೆ.

ತಾಯಿಯ ಹೆಗಲು ಹಿಡಿದುಕೊಂಡು ಸಂಕಮ್ಮ ದಂಡೆಗೆ ಬಂದಳು. "ಯಪ್ಪಾ, ಒಳಗಿಂದು ಯಾರ ಅಪ್ಪಣಿನೂ ಕೇಳವಲ್ದು. ನೀ ಯಾರ್ನ ಕೇಳಾಕತ್ತಿ?" ಅಂದು ಹರಿಗೋಲಿನಲ್ಲಿ ಮಲಗಿಬಿಟ್ಟಳು. ತಾಯಿಯೂ ಹತ್ತಿ ಪಕ್ಕದಲ್ಲಿ ಕೂತಳು. ಹುಸೇನಪ್ಪ ಹುಟ್ಟು ಹಿಡಿದ.

ಆವತ್ತು ಸುಳಿಗಳು ದಾರಿ ಬಿಡಲಿಲ್ಲವಂತೆ. ಹರಿಗೋಲು ಬುಗುರಿಯಂತೆ ತಿರುಗಿತು. ಯಾವುದು ಈಚೆ ದಂಡೆ, ಯಾವುದು ಆಚೆ ದಂಡೆ ಅನ್ನುವುದೂ ಅವನಿಗೆ ತಿಳಿಯದೆ ಹೋಯಿತು. ತಿರುಗಿದ ಹೊಡೆತಕ್ಕೆ ಒಳಗಿನ ಕೂಸೂ ತಿರುಗಿತಂತೆ, ನಡುಹೊಳೆಯಲ್ಲೇ ಹುಟ್ಟಿತಂತೆ. ಅದು ಯಾವ ಸೀಮೆಯಲ್ಲಿ ಹುಟ್ಟಿದ್ದು ಅಂತ ಕಡವಿನಹಾಳದವರು ಇವತ್ತಿಗೂ ಜಗಳಾಡುತ್ತಾರೆ.

ಹರಿಗೋಲು ಹೇಗೋ ಆಚೆ ದಂಡೆ ಮುಟ್ಟಿತು. ಆದರೆ ಸಂಕಮ್ಮನ ರಕ್ತ ನಿಲ್ಲಲಿಲ್ಲ. ಸೂಲಗಿತ್ತಿಯ ಗುಡಿಸಲು ಕಣ್ಣೆದುರಿಗೇ ಕಾಣುತ್ತಿತ್ತು, ಅದರ ಮುಂದೆ ಜವಾನ ಕೋಲು ಅಡ್ಡ ಹಿಡಿದು ನಿಂತಿದ್ದ. "ಪರ್ಮಿಟ್ಟು ತಗೀರಿ" ಅಂದ.

ಹುಸೇನಪ್ಪನ ಕೈಯಲ್ಲಿ ಹೂವಿಲ್ಲ, ರೊಟ್ಟಿಯಿಲ್ಲ, ಏನೂ ಇಲ್ಲ. ಸುತ್ತಮುತ್ತ ನೋಡಿದ. ಹೆಂಡತಿಯ ಮಡಿಲಿನಿಂದ ಕೂಸನ್ನು ಎತ್ತಿ, ಎರಡೂ ಕೈಯಲ್ಲಿ ಜವಾನನ ಮುಂದೆ ಹಿಡಿದ. "ಇದೇನ್ರೀ ಪರ್ಮಿಟ್ಟು?"

ತಮಾಷೆಗೆ ಕೇಳಿದ್ದಲ್ಲ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಇನ್ನೊಂದು ಮಾತು ಏನೆಂದರೆ, ಜವಾನನಿಗೂ ಗೊತ್ತಿರಲಿಲ್ಲ! ಕೇಳು ಅಂದಿದ್ದರು, ಕೇಳುತ್ತಿದ್ದ, ಅಷ್ಟೇ. ಪರ್ಮಿಟ್ಟನ್ನು ಕಣ್ಣಲ್ಲಿ ಕಂಡವನಲ್ಲ. ಅವನು ಕೂಸನ್ನು ಹಿಂದೆ ನೋಡಿದ, ಮುಂದೆ ನೋಡಿದ. ಅದು ಬಾಯಿ ಬಿಟ್ಟು ಕಿರುಚಿತು. ಜವಾನ ಗಾಬರಿಯಾಗಿ ಕೋಲು ಕೆಳಗಿಟ್ಟು, "ಹೂಂ, ಇದ. ನಡೀರಿ, ನಡೀರಿ" ಅಂದನಂತೆ.

ಸಂಕಮ್ಮ ಬದುಕಿದಳು. ಆಮೇಲೆ ಸಾಹೇಬ ಬಂದು ಹರಿಗೋಲು ಸೀಳಿಸಿದ ಅನ್ನುತ್ತಾರೆ. ಅವನು ಬರಲೇ ಇಲ್ಲ ಅಂತಲೂ ಅನ್ನುತ್ತಾರೆ. ಹುಸೇನಪ್ಪನಿಗಂತೂ ಸಾಯುವ ತನಕ ಸಮಾಧಾನ ಇರಲಿಲ್ಲವಂತೆ. ಪೇಟೆಯಿಂದ ಯಾರೇ ಬರಲಿ, ಆವತ್ತು ನಾನು ತೋರಿಸಿದ್ದು ಖರೇನೇ ಪರ್ಮಿಟ್ಟು ಹೌದೋ ಅಲ್ಲವೋ ಅಂತ ಕೇಳುತ್ತಿದ್ದನಂತೆ. ಅಲ್ಲ ಅನ್ನಲು ಯಾರಿಗೂ ಮನಸ್ಸು ಬರಲಿಲ್ಲ.

ಈಗ ಅಲ್ಲಿ ಸೇತುವೆ ಆಗಿದೆ. ಮಕ್ಕಳು ಶಾಲೆಯಲ್ಲಿ ಆ ಮಾತಿನ ಅರ್ಥ ಕಲಿತು ಬರುತ್ತಾರೆ. ಆದರೂ ಆಸ್ಪತ್ರೆಯಿಂದ ಹಸುಗೂಸನ್ನು ಊರಿಗೆ ತರುವಾಗ ನಡುಸೇತುವೆಯಲ್ಲಿ ಬಸ್ಸು ನಿಲ್ಲುತ್ತದೆ. ತಾಯಿಯ ಅಪ್ಪ ಕೆಳಗಿಳಿದು ಕೂಸನ್ನು ಹೊಳೆಯ ಕಡೆ ಎತ್ತಿ ಹಿಡಿದು, "ಇದೇನ್ರೀ ಪರ್ಮಿಟ್ಟು?" ಅಂತ ಕೇಳುತ್ತಾನೆ. ಬಸ್ಸಿನಲ್ಲಿದ್ದವರೆಲ್ಲ, ಗುರುತಿದ್ದವರು, ಗುರುತಿಲ್ಲದವರು, ಕಿಟಕಿಯಿಂದ ತಲೆ ಹೊರಗೆ ಹಾಕಿ "ಇದ, ಇದ! ನಡೀರಿ" ಅನ್ನಬೇಕು. ಅನ್ನುವ ತನಕ ಡ್ರೈವರ್ ಬಸ್ಸು ಬಿಡುವುದಿಲ್ಲ.