ಬೀರುವಿನ ತೂಕ

ಪಶ್ಚಿಮದ ಹೊಸ ನೆಲ ಹುಡುಕಿ ಹೊರಟ ಅಮೆರಿಕದ ಒಂದು ಎತ್ತಿನ ಬಂಡಿಯಲ್ಲಿ ಕೆತ್ತನೆಯ ಮರದ ಬೀರುವೊಂದು ಗತ್ತಿನಿಂದ ಕೂತಿತ್ತು. ಬಂಡಿಯ ಹಿಂದೆ ಹಾಲು ತುಂಬಿದ ಕೊಡ ತೂಗಾಡುತ್ತಿತ್ತು. ದಾರಿಯ ಕುಲುಕಾಟಕ್ಕೇ ಸಂಜೆಯ ಹೊತ್ತಿಗೆ ಅದರಲ್ಲಿ ಬೆಣ್ಣೆ ಬರುತ್ತಿತ್ತು. ಒಡತಿ ಹುಲ್ಡಾ ದಿನವೂ ಕೊಡವನ್ನು ಎದೆಗವಚಿ ಇಳಿಸುತ್ತಿದ್ದಳು. ಅದನ್ನು ಕಂಡಾಗಲೆಲ್ಲ ಬೀರುವಿಗೆ ಹೊಟ್ಟೆಯುರಿ.

“ಕುಲುಕಿದ್ದು ದಾರಿ, ಮುದ್ದು ಮಾತ್ರ ನಿನಗೆ! ನಾನು ಮೂರು ತಲೆಮಾರು ಕಂಡವಳು ಕಣೇ. ನನ್ನನ್ನು ಅವಳು ಒಮ್ಮೆಯೂ ಮುಟ್ಟಲಿಲ್ಲ.”

“ಕುಲುಕಾಟ ನಿನಗೂ ಅಷ್ಟೇ ಇತ್ತಲ್ಲ, ಅಕ್ಕಾ,” ಎಂದಿತು ಕೊಡ.

“ನನ್ನ ತೂಕ ಅವಳಿಗೆ ತಿಳಿಯಲಿ, ಆಮೇಲೆ ನೋಡು!” ಎಂದ ಬೀರು, ಅಂದಿನಿಂದ ಪ್ರತಿ ಹಳ್ಳದಲ್ಲೂ ಬೇಕೆಂದೇ ವಾಲಿ ಬಂಡಿಯನ್ನು ನರಳಿಸಿತು.

ಬೆಟ್ಟದ ಏರಿನಲ್ಲಿ ಎತ್ತು ಮಂಡಿಯೂರಿತು.

“ಏನಾದರೂ ಇಳಿಸಲೇಬೇಕು. ಯಾವುದನ್ನು ಇಳಿಸೋಣ?” ಎಂದ ಗಂಡ ಎಜ್ರಾ.

“ನಾನು ಹೇಳಬೇಕೆ? ದಾರಿಯುದ್ದಕ್ಕೂ ಆ ಬೀರುವೇ ವಾಲಿ ವಾಲಿ ಹೇಳುತ್ತಾ ಬಂದಿದೆಯಲ್ಲ,” ಎಂದಳು ಹುಲ್ಡಾ.

ಬೀರುವನ್ನು ಹುಲ್ಲಿನ ಮೇಲೆ ಇಳಿಸಿದರು. ಹುಲ್ಡಾ ಅದರ ಕೆತ್ತನೆಯ ಮೇಲೆ ಮೆಲ್ಲಗೆ ಕೈಯಾಡಿಸಿ, ಕಣ್ಣೊರೆಸಿಕೊಂಡು ಹೊರಟಳು.

“ನೋಡಿದೆಯೇನೇ?” ಎಂದು ಬೀರು ಹಿಗ್ಗಿನಿಂದ ಕೊಡವನ್ನು ಕೂಗಿತು.

ಅಷ್ಟರಲ್ಲಿ ಕೊಡ ತೂಗಾಡುತ್ತಾ ಅರ್ಧ ಬೆಟ್ಟ ಏರಿತ್ತು.