ಒಣಗಿದ ಲಕ್ಕಿ ಕಡ್ಡಿ

ಊರೂರಿಗೆ ಡಂಗುರ ಹೋಯಿತು. ರಾಜಕುಮಾರಿ ಹೊನ್ನಾಜಮ್ಮಣ್ಣಿಯವರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವನಿಗೆ ಅವರನ್ನೇ ಕೊಟ್ಟು ಮದುವೆ, ಜೊತೆಗೆ ಅರ್ಧ ರಾಜ್ಯ. ತಪ್ಪಿದವನ ಕೊರಳಿಗೆ ಕಲ್ಲು ಕಟ್ಟಿ ದೊಡ್ಡಕೆರೆಗೆ.

ಕೆರೆಗೇ ಯಾಕೆ ಅಂದರೆ, ಹೋದ ಮಳೆಗಾಲದಲ್ಲಿ ಅದರ ಏರಿ ಒಡೆದು ರಾಜಕುಮಾರಿಯ ಪುಟ್ಟ ತಮ್ಮ ನೀರುಪಾಲಾಗಿದ್ದ. ಚಾಪೆ ಹೆಣೆಯುವ ಕೆಂಪೀರನ ತಂಗಿಯೂ ಅವತ್ತೇ ಕೊಚ್ಚಿಹೋದಳು. ಯಾರ ತಪ್ಪಿನಿಂದ ಏರಿ ಒಡೆಯಿತೆಂದು ಅವನಿಗೆ ಗೊತ್ತಿತ್ತು. ಹೇಳಹೋದರೆ ಅರಮನೆ ಬಾಗಿಲಲ್ಲೇ ಅಟ್ಟುತ್ತಿದ್ದರು. ಡಂಗುರ ಕೇಳಿದವನೇ ಕೈಲಿದ್ದ ಜೊಂಡು ಕೆಳಗಿಟ್ಟು ಎದ್ದ. ಸತ್ತರೂ ಸರಿ, ಆ ಹೆಸರು ರಾಜಕುಮಾರಿಯ ಕಿವಿಗೆ ಬೀಳಬೇಕು.

ಸಭೆಯಲ್ಲಿ ರಾಜಕುಮಾರಿ ಮೂರನ್ನೂ ಒಟ್ಟಿಗೇ ಕೇಳುತ್ತಿದ್ದಳು. "ಇವತ್ತು ಮುಚ್ಚಲು ಹೆಬ್ಬೆರಳು ಸಾಕು, ನಾಳೆ ಊರೇ ಬಂದರೂ ಸಾಲದು, ಏನದು? ಮೆತ್ತಗೆ ಬಂದು ಪಕ್ಕದಲ್ಲಿ ಮಲಗಿ, ಮನೆಯನ್ನೆಲ್ಲಾ ತಿಂದುಹಾಕುವ ನೆಂಟ ಯಾರು? ಕತ್ತಿ ಹಿಡಿಯದೆ, ಮಲಗಿದ ಕಡೆಯಿಂದಲೇ ನನ್ನ ತಮ್ಮನನ್ನು ಕೊಂದವನು ಯಾರು?"

ಒಬ್ಬ ಅರಸುಮಗ ಮೊದಲನೆಯದಕ್ಕೆ ಬೆಂಕಿ ಅಂದ. ಬೆಂಕಿಗೆ ಹೆಬ್ಬೆರಳು ಇಟ್ಟು ನೋಡು ಅಂದಳು, ಕೆರೆಗೆ ಕಳಿಸಿದಳು. ಇನ್ನೊಬ್ಬ ಎರಡನೆಯದಕ್ಕೆ ನಿದ್ದೆ ಅಂದ. ನಿದ್ದೆ ಬೆಳಗಾದರೆ ಎದ್ದು ಹೋಗುತ್ತದೆ, ಈ ನೆಂಟ ಹೋಗುವುದಿಲ್ಲ ಅಂದಳು. ಅವನೂ ಕೆರೆಗೆ ಹೋದ. ದಳವಾಯಿಯ ಮಗ ಕಾಂತರಾಜ ಮಾತ್ರ ದಿಂಬಿಗೊರಗಿ ಆಕಳಿಸುತ್ತಿದ್ದ. ಬೇರೆಯವರು ಯೋಚಿಸಲಿ, ಉತ್ತರ ಕೇಳಿಕೊಂಡು ಕೊನೆಗೆ ಹೇಳಿದರಾಯಿತು ಅಂತ ಅವನ ಲೆಕ್ಕ.

ಕೆಂಪೀರ ಬಂದು ಕೈಮುಗಿದ. "ತಾಯೀ, ಹೆಬ್ಬೆರಳು ಸಾಕಾಗಿದ್ದು ಏರಿಯಲ್ಲಿ ಏಡಿ ಕೊರೆದ ತೂತಿಗೆ. ಮನೆ ತಿನ್ನುವ ನೆಂಟ ಸೋಮಾರಿತನ. ಕೊಂದವರು ಅಗೋ, ದಿಂಬಿಗೆ ಒರಗಿದ್ದಾರೆ."

ಕಾಂತರಾಜ ನಕ್ಕ. "ಲೋ ಚಾಪೆಯವನೇ, ನನ್ನ ಪಾಲಿನ ಏರಿಗೆ ನಾನು ಲಕ್ಕಿ ಕಡ್ಡಿ ನೆಟ್ಟಿದ್ದೀನಿ. ಊರೇ ನೋಡಿದೆ."

ಆ ಊರಿನ ವಾಡಿಕೆ ಹಾಗಿತ್ತು. ಮಳೆಗೆ ಮುಂಚೆ ಪ್ರತಿ ಮನೆಯವರೂ ತಮ್ಮ ಪಾಲಿನ ಏರಿಯ ತೂತು ಮುಚ್ಚಿ, ಹಸಿಮಣ್ಣು ಹಾಕಿ, ಅದರಲ್ಲಿ ತಮ್ಮ ಮನೆಯ ದಾರ ಕಟ್ಟಿದ ಲಕ್ಕಿ ಗಿಡದ ಹಸಿ ಕಡ್ಡಿ ನೆಡಬೇಕು.

ಕೆಂಪೀರ ಸೊಂಟದಿಂದ ಒಂದು ಒಣಕಡ್ಡಿ ತೆಗೆದ. ಅದರಲ್ಲಿ ದಳವಾಯಿ ಮನೆಯ ಕೆಂಪು ರೇಷ್ಮೆ ದಾರವಿತ್ತು, ಬೇರು ಮಾತ್ರ ಒಂದೂ ಇರಲಿಲ್ಲ. ತಂಗಿಯನ್ನು ಹುಡುಕುವಾಗ ಒಡೆದ ಏರಿಯ ಅಂಚಿನಲ್ಲಿ ಸಿಕ್ಕಿದ್ದು.

"ಕಡ್ಡಿ ನೆಟ್ಟಿರಿ ಬುದ್ಧೀ, ಮಣ್ಣು ಹಾಕಲಿಲ್ಲ. ಹಸಿಮಣ್ಣು ಸಿಕ್ಕಿದ್ದರೆ ಲಕ್ಕಿ ಬೇರು ಬಿಡದೆ ಇರುತ್ತಿತ್ತಾ?"

ಕಾಂತರಾಜನ ನಗು ಅಲ್ಲೇ ನಿಂತಿತು. "ನಾಳೆ ಹಾಕೋಣ ಅಂತಿದ್ದೆ," ಅಂದ.

"ನನ್ನ ತಮ್ಮನಿಗೆ ನಾಳೆ ಇತ್ತೇನು?" ಅಂದಳು ರಾಜಕುಮಾರಿ.

ಅವನನ್ನು ಕೆರೆಗೆ ತಳ್ಳಿಸಲಿಲ್ಲ. ಅಷ್ಟು ಬೇಗ ಬಿಡುವ ಮನಸ್ಸು ಅವಳಿಗಿರಲಿಲ್ಲ. ಏರಿಯ ಮೇಲೆ ಬುಟ್ಟಿ ಹೊರಿಸಿದಳು. ಬದುಕಿರುವ ತನಕ ಪ್ರತಿ ಮನೆಯ ಪಾಲಿಗೂ ಅವನೇ ಮಣ್ಣು ಹೊರಬೇಕು. ಕೂತರೆ ಎಬ್ಬಿಸಲು ತಮಟೆಯವರು ಪಕ್ಕದಲ್ಲೇ. ಕೆಂಪೀರನಿಗೆ ಮದುವೆಯಾಯಿತು, ಅರ್ಧ ರಾಜ್ಯವೂ ಬಂತು. ಧಾರೆಯ ದಿನ ಗಂಡಹೆಂಡಿರು ಏರಿಗೆ ಹೋಗಿ, ಎರಡು ಹಸಿ ಲಕ್ಕಿ ಕಡ್ಡಿ ನೆಟ್ಟರು, ಒಂದು ತಮ್ಮನಿಗೆ, ಒಂದು ತಂಗಿಗೆ. ಅವಕ್ಕೆ ಮಣ್ಣು ಹೊತ್ತು ತಂದವನು ಕಾಂತರಾಜ.

ಎರಡೂ ಚಿಗುರಿದವು. ತಮಟೆ ಮಾತ್ರ ನಿಲ್ಲಲಿಲ್ಲ.