ನೇಗಿಲು ಮುಟ್ಟದ ಹೂ

ರಾಜಕುಮಾರಿ ಚಂದಲೆಯ ಮೂರು ಒಗಟು ಬಿಡಿಸಿದವನಿಗೆ ಅವಳ ಕೈ, ಮೇಲೊಂದು ವರ. ತಪ್ಪಿದವನಿಗೆ ಶೂಲ ಎಂದು ಅರಸ ಡಂಗುರ ಹೊಡೆಸಿದ.

ಏಳು ಸಮುದ್ರದಾಚೆ, ಒಂದು ಕಾಲಕ್ಕೆ ಕಣ್ಣು ಹಾಯುವಷ್ಟೂ ಹುಲ್ಲೇ ಇದ್ದ ಸೀಮೆ ಅದು. ಅರಸನಿಗೆ ಗೋಧಿಯ ಹುಚ್ಚು ಹಿಡಿದು, ಗೇಣು ನೆಲ ಬಿಡದೆ ಉತ್ತುಹಾಕಿಸಿದ್ದ. ಹುಲ್ಲುಗಾವಲಿನವರ ಮಗಳಾದ ರಾಣಿ ಬೇಗನೆ ತೀರಿಹೋಗಿದ್ದಳು. ಅಮ್ಮನ ಮುಖ ಚಂದಲೆಗೆ ನೆನಪಿಲ್ಲ. ಅವಳು ಕಿವಿಯಲ್ಲಿ ಪಿಸುಗುಟ್ಟಿದ ಮೂರು ಒಗಟು, ಆಗ ಅವಳ ಬಾಯಿಂದ ಬರುತ್ತಿದ್ದ ಒಂದು ಪರಿಮಳ, ಅಷ್ಟೇ ಉಳಿದಿದ್ದವು. ಒಗಟು ಬಿಡಿಸಿದರೆ ಅಮ್ಮ ಸಿಕ್ಕಾಳು ಎಂದು ಹುಡುಗಿ ಹಂಬಲಿಸುತ್ತಿದ್ದಳು. ಶೂಲದ ಮಾತು ಮಾತ್ರ ಅಪ್ಪನದು.

"ಕಣ್ಣಿಲ್ಲದೆಯೂ ಉತ್ತರ ದಕ್ಷಿಣ ಬಲ್ಲದ್ದು ಯಾವುದು? ಯಾರ ಕಣ್ಣೀರನ್ನು ಮಕ್ಕಳು ಅಗಿಯುತ್ತಾರೆ? ಸುಟ್ಟ ಮೇಲೆ ಚೆನ್ನಾಗಿ ನಗುವುದು ಯಾವುದು?" ಎಂದು ಅವಳು ಸಭೆಯಲ್ಲಿ ಕೇಳಿದಳು.

ಒಬ್ಬ ರಾಜಕುಮಾರ ನಾವಿಕರ ಸೂಜಿಗಲ್ಲು, ಜೇನು, ಮಡಕೆ ಎಂದ. ಮೀಸೆ ತಿರುವಿ ಬಂದ ಇನ್ನೊಬ್ಬ ಧ್ರುವನಕ್ಷತ್ರ, ಆಲಿಕಲ್ಲು, ಚಿನ್ನ ಎಂದ. ಯಾವುದರಲ್ಲೂ ಆ ಪರಿಮಳವಿಲ್ಲ, ಅಲ್ಲ ಎಂದು ಚಂದಲೆ ತಲೆಯಾಡಿಸಿದಳು, ಇಬ್ಬರೂ ಶೂಲದ ದಿನ ಕಾಯುತ್ತ ಸೆರೆಮನೆ ಸೇರಿದರು.

ಆಮೇಲೆ ಬಂದವನು ಮಸಣದಲ್ಲಿ ಗುಂಡಿ ತೋಡುವ ಬೊಪ್ಪ. ಈ ಬಿತ್ತನೆಗೆ, ಅದುವರೆಗೆ ಬಿಟ್ಟಿದ್ದ ಮಸಣವನ್ನೂ ಉಳಬೇಕೆಂದು ಅಪ್ಪಣೆಯಾಗಿತ್ತು, ಅವನ ಅವ್ವ ಅಲ್ಲೇ ಮಲಗಿದ್ದಳು. ವರ ಸಿಕ್ಕರೆ ಅವಳ ಮಣ್ಣು ಉಳಿದೀತೆಂದು ತಲೆ ಪಣಕ್ಕಿಟ್ಟಿದ್ದ.

"ಮೂರಕ್ಕೂ ಒಂದೇ, ತಾಯಿ. ದಿಕ್ಕಿನ ಹೂ," ಎಂದ.

ಮೂರು ಬೀಗಕ್ಕೆ ಒಂದೇ ಕೀಲಿಯೇ ಎಂದು ಸಭೆ ನಕ್ಕಿತು. ಬೊಪ್ಪ ಬಿಡಿಸಿ ಹೇಳಿದ. ಅದರ ಎಲೆಗಳು ಉತ್ತರಕ್ಕೂ ದಕ್ಷಿಣಕ್ಕೂ ಅಂಚು ಚಾಚಿ ನಿಲ್ಲುತ್ತವೆ. ಕಾಂಡ ಒಡೆದರೆ ಅಂಟು ಒಸರುತ್ತದೆ, ಮಕ್ಕಳು ಅದನ್ನು ಅಗಿಯುತ್ತಾರೆ. ಕಾಳ್ಗಿಚ್ಚಿನಲ್ಲಿ ಮೇಲಿನದೆಲ್ಲ ಬೆಂದರೂ ಬೇರು ಗೋರಿಗಿಂತ ಆಳ. ಮರುವರ್ಷ ಹಳದಿ ಹೂ ತುಂಬಿಕೊಳ್ಳುತ್ತದೆ.

ನನ್ನ ರಾಜ್ಯದಲ್ಲಿ ಅಂಥ ಗಿಡವೇ ಇಲ್ಲ ಎಂದ ಅರಸ. ಇಲ್ಲದಂತೆ ಮಾಡಿದವನೂ ಅವನೇ.

"ನೇಗಿಲು ಹೋಗದ ಜಾಗ ಒಂದದೆ, ಬುದ್ಧಿ," ಎಂದ ಬೊಪ್ಪ.

ಎಲ್ಲರೂ ಮಸಣಕ್ಕೆ ನಡೆದರು. ಗೋರಿಗಳ ನಡುವೆ ಆಳೆತ್ತರದ ಹುಲ್ಲು, ಅದಕ್ಕೂ ಮೇಲೆ ಹಳದಿ ಹೂ. ಬೊಪ್ಪ ಕಾಂಡದ ಅಂಟನ್ನು ಬಿಡಿಸಿ ಕೊಟ್ಟ. ಚಂದಲೆ ಬಾಯಿಗೆ ಹಾಕಿ ಅಗಿದಳು, ಅಗಿಯುತ್ತಲೇ ನಿಂತುಬಿಟ್ಟಳು.

ಅರಸ ಮಾತು ತಪ್ಪಲಿಲ್ಲ. ಬೊಪ್ಪ ಕೇಳಿದ ವರದಂತೆ ನೇಗಿಲುಗಳು ಮಸಣ ಬಿಟ್ಟು ಹಿಂದಿರುಗಿದವು, ರಾಜಕುಮಾರರಿಬ್ಬರೂ ಚಂದಲೆಯ ಮಾತಿಗೆ ಬಿಡುಗಡೆಯಾಗಿ ಹಿಂದೆ ನೋಡದೆ ಓಡಿದರು. ಮದುವೆಯ ಮಾತೆತ್ತಿದರೆ, ಇನ್ನೂ ಅಗಿಯುತ್ತಲೇ ಇದ್ದ ಅವಳಿಗೆ ಕೇಳಿಸುವಂತಿರಲಿಲ್ಲ.

"ಅಪ್ಪ," ಎಂದಳು, ಬಾಯಿಗೆ ಕೈ ಅಡ್ಡ ಹಿಡಿದು, ಆ ಉಸಿರು ಹೊರಗೆ ಹೋದೀತೆಂಬ ಭಯದಿಂದ, "ಇದು ಅಮ್ಮನ ಬಾಯಿಯ ಪರಿಮಳ."